ಹಳದಿಗಟ್ಟಿದ ಡೆಕಾಲ್ ಹಾಳೆಯನ್ನು ಎಸೆಯಬೇಡಿ

ಇಪ್ಪತ್ತು ಮೂವತ್ತು ವರ್ಷ ಅಟ್ಟದಲ್ಲಿ ಬಿದ್ದಿದ್ದ ವಿಮಾನದ ಮಾಡೆಲ್ ಕಿಟ್ ತೆರೆದು ನೋಡಿ. ಪ್ಲಾಸ್ಟಿಕ್ ಭಾಗಗಳು ನಿನ್ನೆ ತಂದಂತಿರುತ್ತವೆ. ಮುಪ್ಪು ಬಂದಿರುವುದು ಡೆಕಾಲ್ ಹಾಳೆಗೆ ಮಾತ್ರ. ಹಾಳೆ ಹಳದಿಯಾಗಿರುತ್ತದೆ, ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ, ಮೇಲೆ ಮುಚ್ಚಿದ್ದ ತೆಳು ಕಾಗದ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. "ಹಳೇ ಡೆಕಾಲ್ ಅಂದ್ರೆ ಮುಗೀತು, ಕಸಕ್ಕೆ ಹಾಕಿ" ಎಂಬುದು ಈ ಹವ್ಯಾಸದವರಲ್ಲಿ ಬಹಳ ಓಡಾಡುವ ಮಾತು. ಹೆಚ್ಚಿನ ಹಾಳೆಗಳ ವಿಷಯದಲ್ಲಿ ಅದು ಸುಳ್ಳು.

ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಒಂದೇ ವಸ್ತುವಲ್ಲ. ದಪ್ಪ ಕಾಗದದ ಮೇಲೆ ನೀರಿಗೆ ಕರಗುವ ಅಂಟು, ಅದರ ಮೇಲೆ ಪಾರದರ್ಶಕ ಪೊರೆ, ಪೊರೆಯ ಜೊತೆಗೆ ಶಾಯಿ. ಮೂರೂ ಒಟ್ಟಿಗೆ ಕೆಡುವುದು ಅಪರೂಪ. ಯಾವುದು ಕೆಟ್ಟಿದೆ ಎಂದು ನೋಡದೆ ಮದ್ದು ಮಾಡಹೊರಡುವುದರಿಂದಲೇ ತಪ್ಪು ನಂಬಿಕೆಗಳು ಹುಟ್ಟಿವೆ.

ಮೊದಲು ಹಳದಿ ಬಣ್ಣ. ಅದು ಹೋಗುವುದೇ ಇಲ್ಲ ಎನ್ನುವವರೂ ಇದ್ದಾರೆ, ಡೆಕಾಲ್‌ಗೆ ಬಿಸಿಲು ಸೋಕಲೇಬಾರದು ಎನ್ನುವವರೂ ಇದ್ದಾರೆ. ಹಳದಿಯಾಗಿರುವುದು ಬಹುತೇಕ ಪೊರೆ, ಶಾಯಿಯಲ್ಲ. ಆ ಹಳದಿಯನ್ನು ಬಿಸಿಲೇ ತೆಗೆಯುತ್ತದೆ. ಹಾಳೆಯನ್ನು ಪಾರದರ್ಶಕ ಜಿಪ್ ಚೀಲದಲ್ಲಿ ಹಾಕಿ, ಅಚ್ಚಾದ ಮುಖ ಹೊರಗೆ ಕಾಣುವಂತೆ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಟೇಪ್‌ನಿಂದ ಅಂಟಿಸಿ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಪೊರೆ ತಿಳಿಯಾಗುತ್ತದೆ. ಕೆಂಪು, ಕಿತ್ತಳೆಯಂಥ ಬಣ್ಣಗಳು ಮಂಕಾಗುವ ಅಪಾಯವಿದೆ, ಆದ್ದರಿಂದ ಆಗಾಗ ತೆಗೆದು ನೋಡಿ ಸಾಕೆನಿಸಿದಾಗ ನಿಲ್ಲಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಲ್ಲದಿದ್ದರೆ ತೇವಕ್ಕೆ ಅಂಟು ಕರಗಿ ಇನ್ನೊಂದು ತೊಂದರೆ ಶುರುವಾಗುತ್ತದೆ.

ಬಿರುಕಿನದು ಬೇರೆ ಕಥೆ. ಡೆಕಾಲ್ ನೀರಿನಲ್ಲಿ ಚೂರುಚೂರಾದಾಗ "ನೀರು ಬಿಸಿಯಿತ್ತು", "ನೀರು ಗಡುಸಿತ್ತು" ಎಂದು ನೀರನ್ನು ದೂರುತ್ತಾರೆ. ಪೊರೆ ಮೊದಲೇ ಸೆಡೆತು ಒಡೆದಿರುತ್ತದೆ. ನೀರು ಅದನ್ನು ಬಯಲು ಮಾಡುತ್ತದೆ, ಅಷ್ಟೆ. ಆದ್ದರಿಂದ ಬೇಡದ ಒಂದು ಸಣ್ಣ ಗುರುತನ್ನು ಕತ್ತರಿಸಿ ಮೊದಲು ಅದನ್ನೇ ನೆನೆಸಿ ಪರೀಕ್ಷಿಸಿ. ಒಡೆದರೆ ಇಡೀ ಹಾಳೆಗೆ ಹೊಸ ಪೊರೆ ಕೊಡಬೇಕು. ಮೈಕ್ರೋಸ್ಕೇಲ್ ಕಂಪನಿಯ ಲಿಕ್ವಿಡ್ ಡೆಕಾಲ್ ಫಿಲ್ಮ್ ಇರುವುದೇ ಇದಕ್ಕೆ. ಅದು ಸಿಗದಿದ್ದರೆ ಹೊಳಪಿನ ಕ್ಲಿಯರ್ ಕೋಟನ್ನು ತೆಳುವಾಗಿ ಸಿಂಪಡಿಸಿ ಚೆನ್ನಾಗಿ ಒಣಗಿಸಿ. ಒಂದನ್ನು ಮರೆಯಬಾರದು: ಈಗ ಹಾಳೆಯ ತುಂಬ ಒಂದೇ ಪೊರೆ ಹರಡಿದೆ, ಹಾಗಾಗಿ ಪ್ರತಿ ಗುರುತನ್ನೂ ಅದರ ಅಂಚಿಗೆ ಹತ್ತಿರವಾಗಿ ಹೊಸ ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಕು.

ಇಲ್ಲಿಯೇ ಬಹಳ ಹಾನಿ ಮಾಡುವ ನಂಬಿಕೆಯೊಂದಿದೆ: ಮೈಕ್ರೋ ಸಾಲ್, ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ದ್ರಾವಣ ಹಾಕಿದರೆ ಹಳೇ ಡೆಕಾಲ್‌ಗೆ ಜೀವ ಬರುತ್ತದೆ ಎಂಬುದು. ಅವು ರಿಪೇರಿಯ ಔಷಧಗಳಲ್ಲ. ಪೊರೆಯನ್ನು ಮೆತ್ತಗೆ ಮಾಡಿ ರೆಕ್ಕೆಯ ಗೆರೆ, ಉಬ್ಬುಗಳ ಮೇಲೆ ಕೂರಿಸುವುದಷ್ಟೇ ಅವುಗಳ ಕೆಲಸ. ಬಿರುಕುಬಿಟ್ಟ ಪೊರೆಗೆ ಹಾಕಿದರೆ ಅದು ಸುಕ್ಕಾಗಿ ಹರಿಯಬಹುದು. ಡೆಕಾಲ್ ತನ್ನ ಜಾಗದಲ್ಲಿ ಸರಿಯಾಗಿ ಕೂತ ಮೇಲೆ ಕುಂಚದ ತುದಿಯಿಂದ ಸ್ವಲ್ಪ ಸವರಿ ಕೈ ತೆಗೆದುಬಿಡಿ. ಸುಕ್ಕು ಕಂಡರೂ ಮುಟ್ಟಬೇಡಿ, ಒಣಗುತ್ತ ತಾನೇ ಸಮವಾಗುತ್ತದೆ.

ಹೆಚ್ಚು ಹೊತ್ತು ನೆನೆಸಿದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ. ಬಟ್ಟಲಲ್ಲೇ ಬಿಟ್ಟರೆ ಅಂಟೆಲ್ಲ ನೀರುಪಾಲು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ಸೆಕೆಂಡು ಅದ್ದಿ ತೆಗೆದು, ಟಿಶ್ಯೂ ಕಾಗದದ ಮೇಲಿಟ್ಟು ಅದಾಗಿಯೇ ಸಡಿಲವಾಗುವವರೆಗೆ ಕಾಯಿರಿ. ಅಂಟೇ ಸತ್ತಿದ್ದರೆ ನೀರು ಬೆರೆಸಿ ತೆಳುವಾಗಿಸಿದ ಬಿಳಿ ಅಂಟನ್ನು ಮಾಡೆಲ್ ಮೇಲೆ ಸವರಿ ಅದರ ಮೇಲೆ ಡೆಕಾಲ್ ಜಾರಿಸಬಹುದು. ಕೂರಿಸಿದ ಮೇಲೆ ಪೊರೆಯಡಿ ಬೆಳ್ಳಿಯಂತೆ ಹೊಳೆಯುವ ಕಲೆ ಕಂಡರೆ ಅದಕ್ಕೂ ಡೆಕಾಲಿನ ವಯಸ್ಸು ಕಾರಣವಲ್ಲ. ಒರಟಾದ ಮ್ಯಾಟ್ ಬಣ್ಣದ ಮೇಲೆ ಅಂಟಿಸಿದಾಗ ಕೆಳಗೆ ಸಿಕ್ಕಿಬೀಳುವ ಗಾಳಿ ಅದು. ಹೊಸ ಡೆಕಾಲ್‌ಗೂ ಹಾಗೇ ಆಗುತ್ತದೆ. ಮೊದಲು ಹೊಳಪಿನ ಕೋಟ್, ನಂತರ ಡೆಕಾಲ್, ಕೊನೆಗೆ ಮ್ಯಾಟ್ ಎಂಬ ಕ್ರಮ ತಪ್ಪಬಾರದು.

ಇನ್ನು "ಸ್ಕ್ಯಾನ್ ಮಾಡಿ ಮನೆಯ ಪ್ರಿಂಟರ್‌ನಲ್ಲಿ ಹೊಡೆದರಾಯಿತು" ಎಂಬ ಮಾತು. ಇದು ಅರ್ಧ ಮಾತ್ರ ನಿಜ, ಉಳಿದರ್ಧವನ್ನು ನಮ್ಮ ವಾಯುಪಡೆಯ ಲಾಂಛನವೇ ತೋರಿಸಿಕೊಡುತ್ತದೆ. 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಎಎಲ್ ಮರುತ್‌ನ ಮಾಡೆಲ್ ಮಾಡುತ್ತಿದ್ದೀರಿ ಎನ್ನಿ. ಹಸಿರು, ಬೂದು ಮರೆಬಣ್ಣದ ಮೇಲೆ ಕೂರಬೇಕಾದದ್ದು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತ. ಸಾಮಾನ್ಯ ಇಂಕ್‌ಜೆಟ್‌ನಲ್ಲಾಗಲಿ ಲೇಸರ್‌ನಲ್ಲಾಗಲಿ ಬಿಳಿ ಶಾಯಿಯೇ ಇಲ್ಲ. ಪಾರದರ್ಶಕ ಡೆಕಾಲ್ ಕಾಗದದಲ್ಲಿ ಅಚ್ಚು ಹಾಕಿದರೆ ಬಿಳಿ ಇರಬೇಕಾದ ಕಡೆ ಮರೆಬಣ್ಣವೇ ಇಣುಕುತ್ತದೆ. ಶಾಯಿಯೂ ತೆಳು, ಹಾಗಾಗಿ ಕೇಸರಿ ಕಂದಾಗಿ ಕಾಣುತ್ತದೆ, ಒಳಗಿನ ಹಸಿರು ಹಿನ್ನೆಲೆಯಲ್ಲಿ ಕಳೆದೇಹೋಗುತ್ತದೆ. ಬಿಳಿ ಅಚ್ಚಿಸಬಲ್ಲ ಆಲ್ಪ್ಸ್ ಪ್ರಿಂಟರ್‌ಗಳನ್ನು ಮಾಡೆಲ್ ಮಾಡುವವರು ಬಹಳ ಮೆಚ್ಚಿದ್ದರು, ಅವುಗಳ ತಯಾರಿಕೆ ನಿಂತುಹೋಗಿದೆ.

ದಾರಿ ಇಲ್ಲವೆಂದಲ್ಲ. ಬಿಳಿ ಡೆಕಾಲ್ ಕಾಗದದ ಮೇಲೆ ಅಚ್ಚಿಸಿ ವೃತ್ತದ ಅಂಚಿಗೇ ಕತ್ತರಿಸಬಹುದು. ಇಂಕ್‌ಜೆಟ್ ಆಗಿದ್ದರೆ ನೀರಿಗೆ ಹಾಕುವ ಮುಂಚೆ ಕ್ಲಿಯರ್ ಕೋಟ್ ಬೇಕೇ ಬೇಕು, ಇಲ್ಲದಿದ್ದರೆ ಬಣ್ಣ ಹರಿಯುತ್ತದೆ. ನನ್ನನ್ನು ಕೇಳಿದರೆ ಇಂಥ ಸರಳ ವೃತ್ತಗಳಿಗೆ ಡೆಕಾಲೇ ಬೇಡ. ಮಾಸ್ಕಿಂಗ್ ಟೇಪನ್ನು ವೃತ್ತಾಕಾರವಾಗಿ ಕತ್ತರಿಸಿಕೊಂಡು, ಮೊದಲು ಪೂರ್ತಿ ಬಿಳಿ ಹೊಡೆದು, ಆಮೇಲೆ ಒಂದೊಂದಾಗಿ ಮರೆಮಾಡುತ್ತ ಹಸಿರು, ಕೇಸರಿ ಹೊಡೆಯುವುದೇ ಲೇಸು. ಬಣ್ಣಕ್ಕೆ ಪೊರೆಯ ಅಂಚೂ ಇಲ್ಲ, ಪೊರೆ ಹಳದಿಯಾಗುವ ಭಯವೂ ಇಲ್ಲ. ಸಣ್ಣ ಅಕ್ಷರ, ಅಂಕಿ, ಸ್ಕ್ವಾಡ್ರನ್ ಚಿಹ್ನೆಗಳಿಗೆ ಮಾತ್ರ ಡೆಕಾಲ್ ಇಟ್ಟುಕೊಳ್ಳಿ.

ಯಾವ ದಾರಿ ಹಿಡಿದರೂ, ಹಳೆಯ ಹಾಳೆಗೆ ಬಿಸಿಲು, ನೀರು, ವಾರ್ನಿಶ್ ಏನು ತಾಗುವ ಮುಂಚೆಯೂ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು 600 ಡಿಪಿಐಗಿಂತ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. 1:72 ಅಳತೆಯ ಮಾಡೆಲ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದ ಮೇಲೆ 7 ಸೆಂಟಿಮೀಟರಿಗೂ ಹೆಚ್ಚು ತಪ್ಪಿದಂತೆ.