ಕ್ರೀಡಾಕೂಟಗಳನ್ನು ಊರಿಗೆ ಕರೆತರುವ ಸಂಸ್ಥೆಗಳು: ಅಲ್ಲಿ ಇಂಟರ್ನ್‌ಶಿಪ್ ಎಂದರೇನು?

ಕೇರಳದ ಕಾಲೇಜುಗಳಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷಗಳ ಪದವಿ ಶಿಕ್ಷಣ ಆರಂಭವಾದ ಬಳಿಕ ‘ಇಂಟರ್ನ್‌ಶಿಪ್’ ಎಂಬ ಪದ ನಮ್ಮ ಗಡಿನಾಡಿನ ಮನೆಗಳಲ್ಲೂ ಕೇಳಿಬರತೊಡಗಿದೆ. ಓದಿನ ನಡುವೆ ಕೆಲವು ವಾರ ಒಂದು ಸಂಸ್ಥೆಯಲ್ಲಿದ್ದು ಅಲ್ಲಿನ ಕೆಲಸವನ್ನು ಮಾಡುತ್ತಲೇ ಕಲಿಯುವ ವ್ಯವಸ್ಥೆ ಇದು. ಬ್ಯಾಂಕು, ಆಸ್ಪತ್ರೆ, ಪತ್ರಿಕಾಲಯಗಳಲ್ಲಿ ಇಂತಹ ಕಲಿಕೆ ಹೇಗಿರುತ್ತದೆಂಬುದು ಹೆತ್ತವರಿಗೆ ಸ್ಥೂಲವಾಗಿ ತಿಳಿದಿದೆ. ಕ್ರೀಡೆ ಮತ್ತು ಪ್ರವಾಸೋದ್ಯಮ ಸೇರುವ ಕ್ಷೇತ್ರದ ಪರಿಚಯ ಮಾತ್ರ ಕಡಿಮೆ. ಆಟದಲ್ಲಿ ಆಸಕ್ತಿಯಿದ್ದರೂ ಆಟಗಾರರಾಗಿ ಮುಂದುವರಿಯಲಾಗದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರಿಗೂ ಒಂದು ದಾರಿ ಇಲ್ಲಿದೆ. ಈ ಕೆಲಸ ಪ್ರತ್ಯೇಕ ವೃತ್ತಿಯಾಗಿ ಬೆಳೆದುದು ಅಮೆರಿಕದಲ್ಲಾದ ಕಾರಣ ನಾವು ಅಲ್ಲಿಂದಲೇ ಆರಂಭಿಸುತ್ತೇವೆ.

ಒಂದು ನಗರದ ಉದಾಹರಣೆ

ಅಮೆರಿಕದ ಅನೇಕ ನಗರಗಳಲ್ಲಿ ‘ಸ್ಪೋರ್ಟ್ಸ್ ಕಮಿಷನ್’ ಎಂಬ ಸಂಸ್ಥೆಗಳಿವೆ. ಇವು ತಂಡಗಳನ್ನು ಕಟ್ಟುವುದಿಲ್ಲ, ಆಟವನ್ನೂ ಕಲಿಸುವುದಿಲ್ಲ. ಬೇರೆಡೆ ನಡೆಯಬಹುದಾದ ಕ್ರೀಡಾಕೂಟವನ್ನು ತಮ್ಮ ಊರಿಗೆ ಕರೆತರುವುದೇ ಇವುಗಳ ಕೆಲಸ. ಮಕ್ಕಳ ಫುಟ್‌ಬಾಲ್, ಈಜು, ವಾಲಿಬಾಲ್, ಕಾಲೇಜು ಮಟ್ಟದ ಓಟದ ಸ್ಪರ್ಧೆ ಮುಂತಾದ ಹವ್ಯಾಸಿ ಕೂಟಗಳೇ ಇವುಗಳ ಮುಖ್ಯ ಗುರಿ.

ಇಂಡಿಯಾನಾಪೊಲಿಸ್ ನಗರ ಇದಕ್ಕೆ ಹೆಸರಾದ ಉದಾಹರಣೆ. ಕಾರಿನ ರೇಸಿಗೆ ಪ್ರಸಿದ್ಧವಾಗಿದ್ದ ಈ ನಗರದಲ್ಲಿ 1979ರಲ್ಲಿ ‘ಇಂಡಿಯಾನಾ ಸ್ಪೋರ್ಟ್ಸ್ ಕಾರ್ಪ್’ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟವನ್ನು ನಡೆಸಬೇಕಾಗಿದ್ದ ಚಿಲಿಯ ಸ್ಯಾಂಟಿಯಾಗೊ ಮತ್ತು ಆ ಬಳಿಕ ಈಕ್ವೆಡಾರಿನ ಕ್ವಿಟೊ ಹಿಂದೆ ಸರಿದಾಗ ಇಂಡಿಯಾನಾಪೊಲಿಸ್ ಆ ಹೊಣೆಯನ್ನು ವಹಿಸಿಕೊಂಡಿತು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ತನ್ನ ಕೇಂದ್ರ ಕಚೇರಿಯನ್ನು 1999ರಲ್ಲಿ ಇದೇ ನಗರಕ್ಕೆ ಸ್ಥಳಾಂತರಿಸಿತು. ಕೋವಿಡ್ ಕಾರಣದಿಂದ 2021ರಲ್ಲಿ 68 ತಂಡಗಳ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಒಂದೇ ರಾಜ್ಯದಲ್ಲಿ ನಡೆಸಬೇಕಾಗಿ ಬಂದಾಗ ಆಯ್ಕೆಯಾದುದೂ ಇಂಡಿಯಾನಾ ರಾಜ್ಯವೇ. ಒಂದು ಕೂಟವನ್ನು ಸರಿಯಾಗಿ ನಡೆಸಿದ ಊರನ್ನು ಮುಂದಿನ ಕೂಟದವರು ನಂಬುತ್ತಾರೆ.

ಕೊಠಡಿಗಳ ಲೆಕ್ಕ

ಹವ್ಯಾಸಿ ಕೂಟಗಳಿಗೆ ನೋಡುಗರು ಹೆಚ್ಚು ಬರುವುದಿಲ್ಲ, ಟಿಕೆಟಿನ ಹಣವೂ ಅಷ್ಟಾಗಿ ಇಲ್ಲ. ಆದರೂ ನಗರಗಳು ಇವುಗಳಿಗಾಗಿ ಪೈಪೋಟಿ ನಡೆಸುತ್ತವೆ. ಆಡಲು ಬರುವ ಮಗುವಿನೊಂದಿಗೆ ತಾಯಿ ತಂದೆಯರೂ ಒಡಹುಟ್ಟಿದವರೂ ಬರುತ್ತಾರೆ. ಬಂದವರು ಉಳಿದುಕೊಳ್ಳಬೇಕು, ಉಣ್ಣಬೇಕು, ವಾಹನಕ್ಕೆ ಇಂಧನ ತುಂಬಿಸಬೇಕು.

ಇದನ್ನು ಅಳೆಯುವ ಮೂಲಮಾನ ‘ರೂಮ್ ನೈಟ್’, ಅಂದರೆ ಒಂದು ಕೊಠಡಿ ಒಂದು ರಾತ್ರಿಗೆ ಬಾಡಿಗೆಗೆ ಹೋಗುವುದು. ತಲಾ 15 ಮಕ್ಕಳಿರುವ 32 ತಂಡಗಳು ಬಂದವೆಂದು ಊಹಿಸೋಣ. ಒಟ್ಟು 480 ಮಕ್ಕಳು. ಪ್ರತಿ ಮಗುವಿನ ಕುಟುಂಬವೂ ಒಂದು ಕೊಠಡಿಯಲ್ಲಿ ಎರಡು ರಾತ್ರಿ ಉಳಿದರೆ 960 ರೂಮ್ ನೈಟ್‌ಗಳಾಗುತ್ತವೆ. ಅಮೆರಿಕದ ಬಹಳಷ್ಟು ಕಡೆ ಹೋಟೆಲ್ ಕೊಠಡಿಯ ಬಾಡಿಗೆಯ ಮೇಲೆ ಸ್ಥಳೀಯ ತೆರಿಗೆಯಿದ್ದು, ಅದರ ಒಂದು ಪಾಲು ಇಂತಹ ಸಂಸ್ಥೆಗಳ ವೆಚ್ಚಕ್ಕೆ ಹೋಗುತ್ತದೆ. ಆದ್ದರಿಂದಲೇ ಪ್ರವಾಸಿಗರು ಕಡಿಮೆಯಿರುವ ತಿಂಗಳುಗಳಿಗೆ ಕೂಟಗಳನ್ನು ತರಲು ಅವು ವಿಶೇಷವಾಗಿ ಶ್ರಮಿಸುತ್ತವೆ.

ಇಂಟರ್ನ್ ಮಾಡುವ ಕೆಲಸಗಳು

ಮೊದಲ ಕೆಲಸ ಸಾಮಾನ್ಯವಾಗಿ ಮಾಹಿತಿ ಸಂಗ್ರಹ. ಊರಿನಲ್ಲಿ ಎಷ್ಟು ಮೈದಾನಗಳಿವೆ, ಅವುಗಳ ಉದ್ದಗಲವೆಷ್ಟು, ರಾತ್ರಿ ಆಡಲು ದೀಪಗಳಿವೆಯೇ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಉಡುಪು ಬದಲಿಸುವ ಕೋಣೆಗಳಿವೆಯೇ, ಬಸ್ಸುಗಳನ್ನು ನಿಲ್ಲಿಸಲು ಜಾಗವಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದನ್ನೆಲ್ಲ ನೋಡಿ ದಾಖಲಿಸಬೇಕು. ಕೂಟವನ್ನು ನಡೆಸುವ ಕ್ರೀಡಾ ಸಂಘವು ತನ್ನ ಬೇಡಿಕೆಗಳ ಪಟ್ಟಿಯನ್ನು ಪ್ರಕಟಿಸಿದಾಗ, ಆ ಊರು ‘ಬಿಡ್’ ಎಂಬ ಪ್ರಸ್ತಾವವನ್ನು ಸಲ್ಲಿಸಬೇಕಾಗುತ್ತದೆ. ಅದಕ್ಕೆ ಆಧಾರವಾಗುವುದು ಇದೇ ದಾಖಲೆ.

ಕೂಟ ನಿಗದಿಯಾದ ಮೇಲೆ ಸ್ವಯಂಸೇವಕರ ಪಟ್ಟಿ, ತಂಡಗಳ ನೋಂದಣಿ, ಸ್ವಾಗತ ಕಿಟ್, ದಾರಿ ತೋರುವ ಫಲಕಗಳ ಕೆಲಸಗಳು ಬರುತ್ತವೆ. ಕೂಟದ ದಿನ ಇಂಟರ್ನ್ ಬೆಳಗಿನ ಜಾವವೇ ಮೈದಾನದಲ್ಲಿರಬೇಕು. ನೀರಿನ ಕ್ಯಾನುಗಳನ್ನು ಹೊರುವುದು, ದಾರಿ ತಪ್ಪಿದ ತಂಡದ ಕರೆಗೆ ಉತ್ತರಿಸುವುದು ಎಲ್ಲವೂ ಅದರ ಭಾಗ. ಪಂದ್ಯ ನೋಡುತ್ತ ಕೂರುವ ಅವಕಾಶ ಸಿಗುವುದು ಅಪರೂಪ.

ಇವುಗಳಿಗಿಂತ ಹೆಚ್ಚು ಕಲಿಸುವುದು ಸಮೀಕ್ಷೆಯ ಕೆಲಸ. ಬಂದವರು ಯಾವ ಊರಿನವರು, ಎಷ್ಟು ಮಂದಿ, ಎಷ್ಟು ರಾತ್ರಿ ಉಳಿದರು, ಸುಮಾರು ಎಷ್ಟು ಖರ್ಚು ಮಾಡಿದರು ಎಂದು ಕೇಳಿ ಬರೆದುಕೊಳ್ಳಬೇಕು. ಇಲ್ಲಿ ಪ್ರಾಮಾಣಿಕತೆ ಬೇಕು. ಅದೇ ಊರಿನವರು ಮೈದಾನದ ಬಳಿ ಊಟಕ್ಕೆ ಕೊಟ್ಟ ಹಣ ಹೊಸದಾಗಿ ಬಂದ ಹಣವಲ್ಲ. ಅದನ್ನು ಅವರು ಊರಿನಲ್ಲೇ ಬೇರೆಡೆ ಖರ್ಚು ಮಾಡುತ್ತಿದ್ದರು. ಕೂಟಕ್ಕಾಗಿ ಕೊಠಡಿಗಳೆಲ್ಲ ತುಂಬಿ ಬೇರೆ ಪ್ರವಾಸಿಗರು ಮರಳಿ ಹೋಗಿದ್ದರೆ ಆ ನಷ್ಟವನ್ನೂ ಕಳೆಯಬೇಕು. ಹೀಗೆ ಮಾಡದೆ ಉಬ್ಬಿಸಿದ ಅಂಕಿಗಳನ್ನು ಕ್ರೀಡಾ ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಟೀಕಿಸುತ್ತ ಬಂದಿದ್ದಾರೆ. ಸಾರ್ವಜನಿಕ ಹಣದ ಬಳಕೆಯನ್ನು ಪ್ರಶ್ನಿಸುವ ಈ ಅಭ್ಯಾಸ ಯಾವ ಉದ್ಯೋಗಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ.

ನಮ್ಮ ನೆಲದಲ್ಲಿ

ನಮ್ಮಲ್ಲಿ ಈ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗಿದೆ. ಕೇರಳದ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲ್ ಒಂದೆಡೆ, ಜಿಲ್ಲಾ ಪ್ರವಾಸೋದ್ಯಮ ಪ್ರೋತ್ಸಾಹಕ ಮಂಡಳಿ ಇನ್ನೊಂದೆಡೆ ಇವೆ. ಕೇರಳ ಸಾಹಸ ಪ್ರವಾಸೋದ್ಯಮ ಸೊಸೈಟಿಯು ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿ ಪರಿಸರದ ಹೊಳೆಗಳಲ್ಲಿ ಮಳೆಗಾಲದ ಕಯಾಕಿಂಗ್ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ವಯನಾಡಿನ ಮಾನಂದವಾಡಿ ಬಳಿಯ ಚಹಾ ತೋಟದಲ್ಲಿ ಗುಡ್ಡಗಾಡಿನ ಸೈಕಲ್ ಸ್ಪರ್ಧೆಯೂ ನಡೆದಿದೆ. ಗೋವಾದಲ್ಲಿ 2019ರಲ್ಲಿ ಆರಂಭವಾದ ‘ಐರನ್‌ಮ್ಯಾನ್ 70.3’ ಸ್ಪರ್ಧೆಗೆ ಬರುವವರಲ್ಲಿ ಬೇರೆ ಉದ್ಯೋಗದಲ್ಲಿರುವ ಹವ್ಯಾಸಿಗಳೇ ಹೆಚ್ಚು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟವನ್ನು ಅವರು ಒಂದೇ ದಿನ ಪೂರೈಸುತ್ತಾರೆ.

ಕ್ರೀಡೆಯಲ್ಲವಾದರೂ ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 2019ರಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವದ 60ನೇ ಆವೃತ್ತಿ ನಡೆದುದು ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ. ರಾಜ್ಯದ ಎಲ್ಲ ಜಿಲ್ಲೆಗಳ ಮಕ್ಕಳಿಗೆ ವಸತಿ, ಊಟ, ವಾಹನ, ವೇದಿಕೆಗಳನ್ನು ಒದಗಿಸುವುದು ದೊಡ್ಡ ಕ್ರೀಡಾಕೂಟವೊಂದರ ಹೊಣೆಗೆ ಸಮಾನವಾದ ಹೊಣೆ.

ಕನ್ನಡ ಮಾಧ್ಯಮದ ಮಕ್ಕಳು ಮತ್ತು ಈ ಕೆಲಸ

ಇಂತಹ ಉದ್ಯೋಗಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಎಂಬ ಭಾವನೆ ನಮ್ಮ ಮನೆಗಳಲ್ಲಿದೆ. ಪ್ರಸ್ತಾವಗಳು ಮತ್ತು ಪತ್ರವ್ಯವಹಾರ ಬಹುಪಾಲು ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಆ ಭಾಷೆಯಲ್ಲಿ ಸ್ಪಷ್ಟವಾಗಿ ಬರೆಯುವುದನ್ನು ಕಲಿಯಲೇಬೇಕು. ಆದರೆ ಮೈದಾನದ ಕಾವಲುಗಾರ, ಬಸ್ಸಿನ ಚಾಲಕ, ಅಡುಗೆಯವರು, ದೂರದಿಂದ ಬಂದ ಮಗುವಿನ ತಾಯಿ ಇವರೊಂದಿಗೆ ಮಾತನಾಡಿ ಕೆಲಸ ಸಾಧಿಸಲು ಬೇಕಾದುದು ಅವರವರ ಭಾಷೆ. ಕನ್ನಡ, ತುಳು, ಮಲಯಾಳ ಬಲ್ಲ ಕಾಸರಗೋಡಿನ ಮಗುವಿಗೂ, ಕನ್ನಡದೊಂದಿಗೆ ತಮಿಳು ಬಲ್ಲ ತಾಳವಾಡಿಯ ಮಗುವಿಗೂ, ಮರಾಠಿ ಬಲ್ಲ ಜತ್ತಿನ ಮಗುವಿಗೂ ಈ ಸಾಮರ್ಥ್ಯ ಬೀದಿಯಲ್ಲೇ ಒದಗಿದೆ. ಅರ್ಜಿ ಬರೆಯುವಾಗ ಬಲ್ಲ ಭಾಷೆಗಳನ್ನೆಲ್ಲ ನಮೂದಿಸಬೇಕೆಂದು ಮಕ್ಕಳಿಗೆ ಹೇಳಿಕೊಡಿರಿ.

ಒಪ್ಪಿಕೊಳ್ಳುವ ಮುನ್ನ

ಇಂಟರ್ನ್‌ಶಿಪ್ ಹೆಸರಿನಲ್ಲಿ ಬಿಟ್ಟಿ ದುಡಿಮೆ ನಡೆಯುವುದೂ ಉಂಟು. ಆದ್ದರಿಂದ ಹೆತ್ತವರು ಕೆಲವು ವಿಷಯಗಳನ್ನು ಮೊದಲೇ ಕೇಳಿ ತಿಳಿಯಬೇಕು. ಭತ್ಯೆ ಇದೆಯೇ? ಇಲ್ಲದಿದ್ದರೆ ಪ್ರಯಾಣ ಮತ್ತು ಊಟದ ಖರ್ಚನ್ನು ಯಾರು ಭರಿಸುತ್ತಾರೆ? ಕಾಲೇಜು ಈ ಅವಧಿಯನ್ನು ಕ್ರೆಡಿಟ್ ಆಗಿ ಪರಿಗಣಿಸುತ್ತದೆಯೇ? ಕೆಲಸ ಕಲಿಸುವ ಹೊಣೆ ಯಾರದು? ಕೂಟದ ದಿನ ರಾತ್ರಿಯಾದರೆ ಮನೆ ತಲುಪಿಸುವ ವ್ಯವಸ್ಥೆ ಏನು? ಗಾಯವಾದರೆ ವಿಮೆ ಇದೆಯೇ? ಉತ್ತರಗಳು ಲಿಖಿತವಾಗಿರಲಿ. ಇವನ್ನು ಕೇಳಿದುದಕ್ಕೆ ಮುನಿಯುವ ಸಂಸ್ಥೆಗೆ ಮಗುವನ್ನು ಕಳುಹಿಸದಿರುವುದು ಲೇಸು.

ಪ್ರೌಢಶಾಲೆಯ ಮಕ್ಕಳು ಈಗಲೇ ಇದರ ಮೊದಲ ಪಾಠವನ್ನು ಆರಂಭಿಸಬಹುದು. ತಮ್ಮ ಪಂಚಾಯತಿನ ಮೈದಾನಗಳನ್ನು ಸುತ್ತಿ ಅಳತೆ, ನೀರು, ಶೌಚಾಲಯ, ದೀಪ, ರಸ್ತೆಗಳ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ವಾರ್ಷಿಕ ಕ್ರೀಡಾಕೂಟದ ಯೋಜನೆಗೆ ಶಾಲೆಗೆ ಅದು ನೆರವಾಗುತ್ತದೆ. ನಮ್ಮ ಶಾಲೆಯ ಮೈದಾನಕ್ಕೆ ಏನು ಕೊರತೆಯಿದೆ ಎಂದು ಪಂಚಾಯತಿಗೆ ಮನವಿ ಕೊಡುವಾಗಲೂ ಮಕ್ಕಳೇ ಅಳೆದು ಬರೆದ ಆ ದಾಖಲೆಯನ್ನು ಜೊತೆಗಿರಿಸಬಹುದು.