ಸಾರಥಿಯಿಲ್ಲದ ರಥಗಳ ಪಟ್ಟಣ

ರಜೆಯ ದಿನಗಳಲ್ಲಿ ಮನೆಗೆ ಹೋದ ವಿದ್ಯಾರ್ಥಿಯು ದೂರದರ್ಶನದ ಪರದೆಯ ಮುಂದೆ ಕುಳಿತು, ಗುಂಡಿಗಳುಳ್ಳ ಸಾಧನವೊಂದನ್ನು ಎರಡೂ ಕೈಗಳಲ್ಲಿ ಹಿಡಿದು, ಪರದೆಯಲ್ಲಿ ಓಡುವ ಕಾರನ್ನು ಎದುರಿನ ವಾಹನಕ್ಕೆ ಡಿಕ್ಕಿ ಹೊಡೆಸಿ ಹರ್ಷೋದ್ಗಾರ ಮಾಡುವುದನ್ನು ಕಂಡ ಹಿರಿಯರು ಗಾಬರಿಗೊಳ್ಳುವುದು ಸಹಜವೇ ಆಗಿದೆ. ಆಗ ಅವರ ಬಾಯಿಂದ ಹೊರಡುವ ಮಾತುಗಳು ಸಾಮಾನ್ಯವಾಗಿ ಎರಡು. ಇದೆಂತಹ ಆಟ ಎಂಬುದು ಒಂದು. ಇದರಿಂದ ಹುಡುಗ ಕೆಟ್ಟನು ಎಂಬುದು ಮತ್ತೊಂದು. ಎರಡನೆಯ ಮಾತನ್ನು ಆಡುವುದಕ್ಕೆ ಮುಂಚೆ ಮೊದಲನೆಯದಕ್ಕೆ ಉತ್ತರವನ್ನು ಹುಡುಕುವುದು ಅಧ್ಯಾಪಕ ವೃತ್ತಿಗೆ ತಕ್ಕ ಕ್ರಮ. ಅಂತಹ ಆಟಗಳಲ್ಲಿ ಬಹಳ ಹೆಸರುವಾಸಿಯಾದ ಒಂದನ್ನು ಎತ್ತಿಕೊಂಡು, ಅದರ ಸ್ವರೂಪವನ್ನು ವಿವರಿಸುವ ಪ್ರಯತ್ನ ಇಲ್ಲಿಯದು.

ಆಟದ ಹೆಸರು ‘ಬರ್ನ್‌ಔಟ್ ಪ್ಯಾರಡೈಸ್’. ಇಂಗ್ಲೆಂಡಿನ ಸರ್ರೆ ಪ್ರಾಂತಕ್ಕೆ ಸೇರಿದ ಗಿಲ್ಡ್‌ಫರ್ಡ್ ಎಂಬ ಊರಿನ ಕ್ರೈಟೀರಿಯನ್ ಸಂಸ್ಥೆಯವರು ಇದರ ಕರ್ತೃಗಳು. ಇತರ ಸಂಸ್ಥೆಗಳ ಆಟಗಳಿಗೂ ತಳಹದಿಯಾಗಿ ಬಳಕೆಗೆ ಬಂದ ‘ರೆಂಡರ್‌ವೇರ್’ ಎಂಬ ತಂತ್ರಾಂಶವನ್ನು ನಿರ್ಮಿಸಿ ಖ್ಯಾತಿ ಪಡೆದ ಬಳಗ ಇದು. ಬರ್ನ್‌ಔಟ್ ಮಾಲಿಕೆಯ ಮೊದಲನೆಯ ಆಟ 2001ರಲ್ಲಿ ಹೊರಬಂದಿತು. 2004ರಲ್ಲಿ ಬಂದ ಮೂರನೆಯದರಲ್ಲಿ ಎದುರಾಳಿಯ ಕಾರನ್ನು ಪಕ್ಕದಿಂದ ತಳ್ಳಿ ಗೋಡೆಗೋ ಕಂಬಕ್ಕೋ ಬಡಿಯುವಂತೆ ಮಾಡುವ ‘ಟೇಕ್‌ಡೌನ್’ ಎಂಬ ವರಸೆ ಸೇರಿಕೊಂಡಿತು. ಅದೇ ವರ್ಷ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಕ್ರೈಟೀರಿಯನ್ನನ್ನು ಕೊಂಡುಕೊಂಡಿತು. ಪ್ರಸ್ತುತ ಆಟವು 2008ರ ಜನವರಿಯಲ್ಲಿ ಪ್ರಕಟವಾಯಿತು.

ಅಲ್ಲಿಯವರೆಗಿನ ಬರ್ನ್‌ಔಟ್ ಆಟಗಳಲ್ಲಿ ಓಟದ ದಾರಿಯು ಮೊದಲೇ ನಿಶ್ಚಿತವಾಗಿರುತ್ತಿತ್ತು. ಪಟ್ಟಿಯೊಂದರಿಂದ ಸ್ಪರ್ಧೆಯನ್ನು ಆರಿಸಿ, ಗೆರೆ ಎಳೆದ ಪಥದಲ್ಲಿ ಓಡಿ, ಮುಗಿದ ಮೇಲೆ ಮತ್ತೆ ಪಟ್ಟಿಗೆ ಹಿಂದಿರುಗುವುದು ಪದ್ಧತಿ. ಪ್ಯಾರಡೈಸಿನಲ್ಲಿ ಈ ಪದ್ಧತಿಯನ್ನು ಕೈಬಿಟ್ಟು ಇಡೀ ಪಟ್ಟಣವನ್ನೇ ಆಟಗಾರನಿಗೆ ಬಿಟ್ಟುಕೊಟ್ಟರು. ಅಮೆರಿಕದ ಮಾದರಿಯಲ್ಲಿ ಕಲ್ಪಿತವಾದ ಪ್ಯಾರಡೈಸ್ ಸಿಟಿ ಎಂಬ ಈ ಊರಿಗೆ ಐದು ವಿಭಾಗಗಳುಂಟು. ಪೂರ್ವದಲ್ಲಿ ಎತ್ತರದ ಕಟ್ಟಡಗಳ ಪೇಟೆ, ಬಂದರು, ಕಡಲ ತೀರದ ಬಡಾವಣೆ. ಪಶ್ಚಿಮದಲ್ಲಿ ಸರೋವರ, ಬೆಟ್ಟಗಳು ಮತ್ತು ಅವುಗಳನ್ನು ಸುತ್ತಿ ಏರುವ ದಾರಿ. ಹೆಸರುಳ್ಳ ಬೀದಿಗಳೇ 64. ಸಿಗ್ನಲ್ ದೀಪಗಳುಳ್ಳ ಕೂಡುರಸ್ತೆಗಳು 120. ಒಂದೊಂದು ದೀಪದ ಕೆಳಗೂ ಒಂದೊಂದು ಸ್ಪರ್ಧೆ ಅಡಗಿದೆ. ದೀಪದ ಬಳಿ ಕಾರನ್ನು ನಿಲ್ಲಿಸಿ, ವೇಗದ ಗುಂಡಿ ಹಾಗೂ ತಡೆಯ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಚಕ್ರಗಳು ನಿಂತಲ್ಲೇ ತಿರುಗಿ ಹೊಗೆಯೇಳುತ್ತದೆ, ಸ್ಪರ್ಧೆ ಪ್ರಾರಂಭವಾಗುತ್ತದೆ. ಸಿಗ್ನಲ್ ದೀಪಕ್ಕೆ ನಿಲ್ಲಬೇಕಾದ ಪ್ರಸಂಗ ಈ ಆಟದಲ್ಲಿ ಇದೊಂದೇ ಎಂದರೆ ತಪ್ಪಾಗಲಾರದು.

ಸ್ಪರ್ಧೆಯ ಆರಂಭ ಎಲ್ಲಿಂದಲಾದರೂ ಆಗಬಹುದು. ಓಟದ ಪಂದ್ಯವಾದರೆ ಅದು ಮುಗಿಯುವುದು ಮಾತ್ರ ಊರಿನ ಅಂಚಿನಲ್ಲಿ ದಿಕ್ಕಿಗೊಂದರಂತೆ ಇರುವ ಎಂಟು ನೆಲೆಗಳಲ್ಲಿ ಒಂದರಲ್ಲಿ. ಗಾಳಿಯಂತ್ರಗಳ ಬಯಲು, ನಕ್ಷತ್ರ ವೀಕ್ಷಣಾಲಯ, ನೌಕಾನೆಲೆ ಮೊದಲಾದವು ಈ ಗುರಿಗಳು. ಗುರಿಯನ್ನು ಹೇಳುತ್ತಾರೆ, ದಾರಿಯನ್ನು ಕಟ್ಟಿಕೊಡುವುದಿಲ್ಲ. ತಿರುವು ಬಂದಾಗ ಬೀದಿಯ ಹೆಸರು ಮೇಲ್ಭಾಗದಲ್ಲಿ ಮಿನುಗುತ್ತದೆ, ಅಷ್ಟೆ. ಅತಿವೇಗದಲ್ಲಿ ಆ ಹೆಸರನ್ನು ಓದುವ ಹೊತ್ತಿಗೆ ತಿರುವು ಹಿಂದೆ ಸರಿದಿರುತ್ತದೆ. ಮೊದಲ ದಿನಗಳಲ್ಲಿ ಅನೇಕರು ದಾರಿ ತಪ್ಪಿ ಸೋತರು. ಸೋತವರಿಗೆ ಅದೇ ಪಂದ್ಯವನ್ನು ತಕ್ಷಣ ಮತ್ತೆ ಆರಂಭಿಸುವ ಅನುಕೂಲವೂ ಇರಲಿಲ್ಲ. ಹೊರಟ ದೀಪಕ್ಕೆ ಕಾರನ್ನು ಓಡಿಸಿಕೊಂಡೇ ಹಿಂದಿರುಗಬೇಕಾಗಿತ್ತು. ಈ ಬಗ್ಗೆ ಆಕ್ಷೇಪಗಳು ಬಂದುದರಿಂದ 2009ರಲ್ಲಿ ನಿರ್ಮಾಪಕರು ಮರುಪ್ರಾರಂಭದ ಸೌಕರ್ಯವನ್ನು ಒದಗಿಸಿದರು. ಆದರೂ ಮೊದಲಿನ ಕಟ್ಟುನಿಟ್ಟಿನಲ್ಲಿ ಒಂದು ಗುಣವಿತ್ತೆಂದು ಹೇಳದೆ ವಿಧಿಯಿಲ್ಲ. ಹಿಂದಿರುಗುವ ದಾರಿಯಲ್ಲಿ ಆಟಗಾರನು ಊರನ್ನು ಕಲಿಯುತ್ತಿದ್ದನು. ಬೇಲಿ ಮುರಿದು ನುಗ್ಗಬಹುದಾದ 400 ಒಳದಾರಿಗಳು, ಹಾರಿ ಒಡೆಯಬೇಕಾದ 120 ಜಾಹೀರಾತು ಫಲಕಗಳು, 50 ದೊಡ್ಡ ಜಿಗಿತಗಳು, ಇವೆಲ್ಲ ಅಲ್ಲಲ್ಲಿ ಹುದುಗಿವೆ. ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ಪುಸ್ತಕವಿಲ್ಲದೆ ಪ್ರಯೋಗವನ್ನು ಸಾಧಿಸುವಂತೆ, ಊರು ಕಂಠಸ್ಥವಾದ ಆಟಗಾರನು ನಕ್ಷೆಯತ್ತ ಕಣ್ಣೆತ್ತದೆ ಕತ್ತಲೆಯ ಸುರಂಗವನ್ನು ಹೊಕ್ಕು ಬೇರೊಂದು ಬೀದಿಯಲ್ಲಿ ಮೇಲೇಳುತ್ತಾನೆ. ಈ ಆಟದ ನಿಜವಾದ ವಿದ್ಯೆ ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು.

ಇನ್ನು ವೇಗದ ವಿಚಾರ. ಸಾಮಾನ್ಯ ವೇಗವನ್ನು ಮೀರಿ ಓಡಲು ‘ಬೂಸ್ಟ್’ ಎಂಬ ಹೆಚ್ಚಿನ ಬಲವಿದೆ. ಇದರ ಕೊಳವೆ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಇದು ತುಂಬುವ ಬಗೆ ವಿಚಿತ್ರವಾದದ್ದು. ಎದುರು ವಾಹನಗಳು ಬರುವ ಬದಿಯಲ್ಲಿ ಓಡಿಸಿದರೆ ತುಂಬುತ್ತದೆ. ಇನ್ನೊಂದು ಕಾರನ್ನು ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡು ಹೋದರೆ ತುಂಬುತ್ತದೆ. ತಿರುವಿನಲ್ಲಿ ಅಡ್ಡಲಾಗಿ ಜಾರಿದರೆ ತುಂಬುತ್ತದೆ. ಎದುರಾಳಿಯನ್ನು ಕೆಡವಿದರಂತೂ ಇನ್ನೂ ಹೆಚ್ಚು. ಒಟ್ಟಿನಲ್ಲಿ ರಸ್ತೆಯ ನಿಯಮಗಳಲ್ಲಿ ಯಾವುದು ನಿಷಿದ್ಧವೋ ಅದೆಲ್ಲಕ್ಕೂ ಇಲ್ಲಿ ಬಹುಮಾನ. ವೇಗಪ್ರಧಾನವಾದ ಒಂದು ಜಾತಿಯ ಕಾರುಗಳಲ್ಲಿ ಕೊಳವೆ ಪೂರ್ಣವಾಗಿ ತುಂಬಿದ ಮೇಲೆಯೇ ಬಲವನ್ನು ಪೂರ್ತಿ ಬಳಸಬಹುದು. ಅದನ್ನು ತಡೆಯಿಲ್ಲದೆ ಬರಿದುಮಾಡುವ ಅವಧಿಯಲ್ಲಿಯೂ ಅಪಾಯವನ್ನು ಎದುರಿಸುತ್ತಲೇ ಇದ್ದರೆ, ಬರಿದಾದ ಕೊಳವೆ ಮರುಕ್ಷಣವೇ ತುಂಬಿಕೊಳ್ಳುತ್ತದೆ. ಹೀಗೆ ಸರಪಳಿಯಂತೆ ಮುಂದುವರಿಯುವ ಓಟದಲ್ಲಿ ಆಟಗಾರನು ಕಣ್ಣೆವೆ ಮುಚ್ಚುವಂತಿಲ್ಲ.

ಕಣ್ಣೆವೆ ಮುಚ್ಚಿದರೆ ಅಪಘಾತ. ಇಲ್ಲಿಯೇ ಆಟದ ಮರ್ಮವಿರುವುದು. ಡಿಕ್ಕಿಯಾದೊಡನೆ ಕಾಲವು ನಿಧಾನಗೊಳ್ಳುತ್ತದೆ. ಕಾರಿನ ಮೂತಿ ಕುಗ್ಗುತ್ತದೆ, ಗಾಜು ಹರಳುಹರಳಾಗಿ ಚದುರುತ್ತದೆ, ಬಾಗಿಲು ಕಳಚಿ ಗಾಳಿಯಲ್ಲಿ ತಿರುಗುತ್ತದೆ. ಹೊಡೆತ ಬಿದ್ದ ಕೋನಕ್ಕೂ ವೇಗಕ್ಕೂ ತಕ್ಕಂತೆ ಈ ವಿಕಾರವನ್ನು ಯಂತ್ರವು ಲೆಕ್ಕ ಹಾಕಿ ತೋರಿಸುವುದರಿಂದ ಒಂದು ಅಪಘಾತವು ಇನ್ನೊಂದರಂತಿರುವುದಿಲ್ಲ. ಕೆಲವು ಕ್ಷಣಗಳ ಬಳಿಕ ಕಾರು ರಸ್ತೆಯ ಮೇಲೆ ಮತ್ತೆ ನಿಂತಿರುತ್ತದೆ, ಓಟ ಮುಂದುವರಿಯುತ್ತದೆ. ಕಾರುಗಳಿಗೆ ಹಂಟರ್, ಕಾರ್ಸನ್, ಕ್ರೀಗರ್, ನಕಮುರ ಎಂಬ ಕಲ್ಪಿತ ನಾಮಗಳನ್ನಿಟ್ಟಿದ್ದಾರೆ. ತನ್ನ ಸರಕು ನುಚ್ಚುನೂರಾಗುವುದನ್ನು ಯಾವ ತಯಾರಕನು ತಾನೆ ಸಂತೋಷದಿಂದ ನೋಡಿಯಾನು!

ಆದರೆ ಗಮನವಿಟ್ಟು ನೋಡುವವನಿಗೆ ಇನ್ನೊಂದು ಅಂಶ ಹೊಳೆಯುತ್ತದೆ. ಈ ಕಾರುಗಳಲ್ಲಿ ಯಾರೂ ಇಲ್ಲ. ಆಟಗಾರನ ಕಾರಿನಲ್ಲಿ ಚಾಲಕನಿಲ್ಲ. ಎದುರಾಳಿಗಳ ಕಾರುಗಳಲ್ಲಿ ಇಲ್ಲ. ಸಾಲುಸಾಲಾಗಿ ಸಾಗುವ ಬಸ್ಸುಗಳಲ್ಲಿ ಪ್ರಯಾಣಿಕರಿಲ್ಲ. ಕಾಲುದಾರಿಗಳಲ್ಲಿ ನಡೆದಾಡುವ ಒಬ್ಬ ಮನುಷ್ಯನೂ ಇಲ್ಲ. 2008ರಲ್ಲಿಯೇ ಉಚಿತವಾಗಿ ಸೇರಿಸಿದ ಮೋಟಾರು ಸೈಕಲ್ಲುಗಳಿಗೆ ಸವಾರನನ್ನು ಕೂರಿಸದೆ ಗತ್ಯಂತರವಿರಲಿಲ್ಲ. ಆದರೆ ಆ ಸವಾರನು ಬೀಳುವುದನ್ನು ತೋರಿಸುವುದಿಲ್ಲ. ಡಿಕ್ಕಿಯಾಗುವ ಕ್ಷಣದಲ್ಲಿಯೇ ದೃಶ್ಯವು ಕಡಿದುಹೋಗುತ್ತದೆ. ಅಮೆರಿಕದ ವರ್ಗೀಕರಣ ಮಂಡಳಿಯು ಈ ಆಟವನ್ನು 10 ವರ್ಷ ಮತ್ತು ಮೇಲ್ಪಟ್ಟವರಿಗೆ ಯೋಗ್ಯವೆಂದು ಗುರುತಿಸಿತು. ಪಟ್ಟಣವನ್ನು ಹೀಗೆ ನಿರ್ಜನಗೊಳಿಸದಿದ್ದರೆ ಅದು ಹೇಗೆ ಸಾಧ್ಯವಾಗುತ್ತಿತ್ತು?

ನಮ್ಮ ನಾಟ್ಯಪರಂಪರೆಯನ್ನು ಬಲ್ಲವರಿಗೆ ಇಲ್ಲಿ ಒಂದು ವಿಷಯ ನೆನಪಾಗದೆ ಇರದು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ಅಭಿನಯಿಸದೆ ಪ್ರವೇಶಕಗಳ ಮೂಲಕ ಸೂಚಿಸಬೇಕೆಂದು ಭರತನ ನಾಟ್ಯಶಾಸ್ತ್ರ ವಿಧಿಸುತ್ತದೆ. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುವುದನ್ನು ಈ ನಿಯಮಕ್ಕೆ ಅಪವಾದವೆಂದು ವಿದ್ವಾಂಸರು ಎತ್ತಿ ತೋರಿಸುವುದುಂಟು. ಹಾಗಾದರೆ ಗಿಲ್ಡ್‌ಫರ್ಡಿನ ಆಟಗಾರರು ತಮಗರಿವಿಲ್ಲದೆಯೇ ಭರತನ ಮಾರ್ಗವನ್ನು ಹಿಡಿದರೇ? ಹೊರನೋಟಕ್ಕೆ ಹೌದು, ಆದರೆ ಭೇದವು ದೊಡ್ಡದು. ನಾಟಕದಲ್ಲಿ ಮರಣವನ್ನು ತೋರಿಸದಿದ್ದರೂ ಅದು ಸಂಭವಿಸಿತೆಂದು ಪ್ರೇಕ್ಷಕನು ಬಲ್ಲನು. ತೆರೆಯ ಹಿಂದಿನ ವಾರ್ತೆಯಿಂದಲೇ ಅವನ ಕಣ್ಣು ತೇವಗೊಳ್ಳುತ್ತದೆ. ಇಲ್ಲಿ ಮರಣವನ್ನು ತೋರಿಸುವುದೂ ಇಲ್ಲ, ಸೂಚಿಸುವುದೂ ಇಲ್ಲ. ಅದನ್ನು ಪಟ್ಟಣದಿಂದಲೇ ಹೊರಗಿಟ್ಟಿದೆ. ಆಲಂಬನವೇ ಇಲ್ಲದ ಕಡೆ ಶೋಕವು ಎಲ್ಲಿ ನಿಲ್ಲಬೇಕು, ಕರುಣರಸವು ಹೇಗೆ ಹುಟ್ಟಬೇಕು? ಉಳಿಯುವುದು ಲೋಹದ ಹಾರಾಟದಿಂದ ಹುಟ್ಟುವ ವಿಸ್ಮಯ, ಅದಕ್ಕೆ ಬೆರೆತ ಒಂದಿಷ್ಟು ಹಾಸ್ಯ. ಹುಡುಗನು ಡಿಕ್ಕಿಯನ್ನು ಕಂಡು ನಕ್ಕನೆಂದರೆ ಅವನ ಹೃದಯ ಕಲ್ಲಾಯಿತೆಂದು ತೀರ್ಮಾನಿಸಬೇಕಾಗಿಲ್ಲ. ಅವನು ನೋಡುತ್ತಿರುವ ಕಾರು ಬರಿಯ ತಗಡು. ಆದರೆ ತಗಡಿನ ಈ ಊರನ್ನೇ ಊರೆಂದು ತಿಳಿದು ಅವನು ನಾಳೆ ಮೋಟಾರು ಸೈಕಲ್ಲನ್ನು ಹತ್ತಿದರೆ ಎಂಬ ಹಿರಿಯರ ಅಂಜಿಕೆಯೂ ಹುಸಿಯಲ್ಲ. ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ನೇ ಸಾಲಿನಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಪ್ರಾಣ ಕಳೆದುಕೊಂಡವರು 1,68,491 ಮಂದಿ. ಮನೆಯಲ್ಲಿ ಈ ಆಟವನ್ನು ಆಡುವ ಹುಡುಗನಿದ್ದರೆ ಅವನನ್ನು ಗದರಿಸುವುದಕ್ಕಿಂತ, ಕಾರಿನಲ್ಲಿ ಯಾರೂ ಏಕಿಲ್ಲ ಎಂದು ಒಮ್ಮೆ ಕೇಳುವುದು ಹೆಚ್ಚು ಫಲಕಾರಿಯಾದೀತು.

ಅಪಘಾತವನ್ನೇ ಪ್ರತ್ಯೇಕ ಆಟವನ್ನಾಗಿಸಿದ ‘ಷೋಟೈಮ್’ ಎಂಬುದೂ ಇದರಲ್ಲಿದೆ. ಬೇಕೆಂದೇ ಉರುಳಿಸಿದ ಕಾರು ಚೆಂಡಿನಂತೆ ಪುಟಿಯುತ್ತ ಮುಂದಿನ ವಾಹನಗಳಿಗೆ ಬಡಿಯುತ್ತದೆ. ಆದ ಹಾನಿಯ ಬೆಲೆಯೇ ಅಂಕ, ಬಸ್ಸು ಸಿಕ್ಕಿದರೆ ಅಂಕಗಳ ಗುಣಕ ಏರುತ್ತದೆ. ಹಿಂದಿನ ಆಟಗಳಲ್ಲಿ ಒಂದೇ ಕೂಡುರಸ್ತೆಯಲ್ಲಿ ಯುಕ್ತಿಯಿಂದ ದೊಡ್ಡ ಡಿಕ್ಕಿಯನ್ನು ಏರ್ಪಡಿಸುವ ಲೆಕ್ಕಾಚಾರದ ಆಟವಿತ್ತು. ಅದರ ಸೊಗಸು ಇದಕ್ಕಿಲ್ಲ.

ಕಾರಿನೊಳಗಿಂದ ಹೊರಗಿಟ್ಟ ಮನುಷ್ಯನು ಬೇರೊಂದು ಬಾಗಿಲಿನಿಂದ ಪಟ್ಟಣವನ್ನು ಪ್ರವೇಶಿಸುತ್ತಾನೆ. ಅದು ಅಂತರ್ಜಾಲದ ಬಾಗಿಲು. ಒಂಟಿಯಾಗಿ ಓಡಿಸುತ್ತಿರುವಾಗಲೇ, ಕಾರನ್ನು ನಿಲ್ಲಿಸದೆ, ಒಂದೆರಡು ಗುಂಡಿಗಳನ್ನು ಒತ್ತಿ ದೂರದ ಗೆಳೆಯರನ್ನು ಕರೆಯಬಹುದು; ಕ್ಷಣಾರ್ಧದಲ್ಲಿ ಅವರ ಕಾರುಗಳು ಅದೇ ಬೀದಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹೀಗೆ ಎಂಟು ಮಂದಿಯವರೆಗೆ ಸೇರಬಹುದು. ಸೇರಿದವರು ಪರಸ್ಪರ ಹೊಡೆದಾಡಲೇಬೇಕೆಂದಿಲ್ಲ. ಎಲ್ಲರೂ ಕೂಡಿ ಸಾಧಿಸಬೇಕಾದ 350 ಕೆಲಸಗಳನ್ನು ನಿರ್ಮಾಪಕರು ಆರಂಭದಲ್ಲಿಯೇ ಇಟ್ಟಿದ್ದರು: ಇಬ್ಬರಿದ್ದಾಗ 50, ಮೂವರಿದ್ದಾಗ ಬೇರೆ 50, ಹೀಗೆ ಎಂಟರವರೆಗೆ. ಎಲ್ಲರೂ ಒಂದೆಡೆ ನೆರೆಯಬೇಕು, ಎಲ್ಲರೂ ಒಂದೇ ಕಂದಕವನ್ನು ಹಾರಬೇಕು, ಒಬ್ಬನು ಇನ್ನೊಬ್ಬನ ಮೇಲಿನಿಂದ ಜಿಗಿಯಬೇಕು ಎಂಬ ಬಗೆಯವು. ಏಳು ಜನ ಮುಗಿಸಿ ಎಂಟನೆಯವನು ತಡವರಿಸುತ್ತಿದ್ದರೆ ಉಳಿದವರೆಲ್ಲರೂ ಅವನಿಗಾಗಿ ಕಾಯಲೇಬೇಕು. ತರಗತಿಯಲ್ಲಿ ಹಿಂದುಳಿದ ಹುಡುಗನಿಗಾಗಿ ಪಾಠವನ್ನು ನಿಲ್ಲಿಸುವ ಅಧ್ಯಾಪಕರಿಗೆ ಇದರ ಸ್ವಾರಸ್ಯ ತಿಳಿದೀತು. ಇನ್ನು ಹೊಡೆದಾಟವೇ ಬೇಕೆಂದರೆ ಅದೂ ಉಂಟು. ಯಂತ್ರಕ್ಕೆ ಛಾಯಾಗ್ರಾಹಕವನ್ನು ಜೋಡಿಸಿದ್ದರೆ, ಕೆಡವಲ್ಪಟ್ಟವನ ಮುಖದ ಚಿತ್ರವು ಆ ಕ್ಷಣದಲ್ಲಿಯೇ ತೆಗೆಯಲ್ಪಟ್ಟು ಕೆಡವಿದವನಿಗೆ ತಲುಪುತ್ತಿತ್ತು. ಕಾರಿನೊಳಗೆ ಕಾಣದ ಮುಖವು ಪೆಚ್ಚಾಗಿ ಪರದೆಯ ಮೇಲೆ ಮೂಡುವ ತಮಾಷೆ ಇದು. 64 ಬೀದಿಗಳಲ್ಲಿ ಒಂದೊಂದಕ್ಕೂ ಅತಿ ಕಡಮೆ ಕಾಲದ ದಾಖಲೆ, ಅತಿ ಹೆಚ್ಚು ಹಾನಿಯ ದಾಖಲೆ ಎಂಬ ಎರಡು ಇದ್ದು, ಅದನ್ನು ಸಾಧಿಸಿದ ಗೆಳೆಯನ ಹೆಸರು ಆ ಬೀದಿಯನ್ನು ಹೊಕ್ಕಾಗಲೆಲ್ಲ ಕಾಣುತ್ತಿತ್ತು.

ಈ ಬಾಗಿಲಿನಿಂದ ಗೆಳೆಯರಷ್ಟೇ ಬರಲಿಲ್ಲ. ಪಟ್ಟಣದ ಜಾಹೀರಾತು ಫಲಕಗಳನ್ನು ಅಂತರ್ಜಾಲದ ಮೂಲಕ ಬದಲಾಯಿಸುವ ಏರ್ಪಾಡಿತ್ತು. 2008ರ ಅಕ್ಟೋಬರಿನಲ್ಲಿ, ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾಲಕ್ಕೆ, ಬರಾಕ್ ಒಬಾಮ ಅವರ ಭಾವಚಿತ್ರದೊಡನೆ ಮುಂಗಡ ಮತದಾನ ಪ್ರಾರಂಭವಾಗಿದೆಯೆಂಬ ಫಲಕಗಳು ಆ ದೇಶದ ಹತ್ತು ರಾಜ್ಯಗಳ ಆಟಗಾರರ ಪರದೆಗಳಲ್ಲಿ ರಸ್ತೆಬದಿಗೆ ನಿಂತವು. ಇಲ್ಲದ ಊರಿನ ಬೀದಿಯಲ್ಲಿ ಇರುವ ದೇಶದ ಚುನಾವಣಾ ಪ್ರಚಾರ ನಡೆದ ಈ ಪ್ರಸಂಗವನ್ನು ಕಲ್ಪಿತ ಕಥೆಯಲ್ಲಿ ಬರೆದಿದ್ದರೆ ಅತಿಶಯೋಕ್ತಿಯೆನ್ನುತ್ತಿದ್ದರು.

ಪಟ್ಟಣವು ಬೆಳೆಯುತ್ತಲೂ ಹೋಯಿತು. ಮೊದಲು ಸದಾ ಹಗಲಿದ್ದ ಊರಿಗೆ ಮೋಟಾರು ಸೈಕಲ್ಲುಗಳೊಂದಿಗೆ ರಾತ್ರಿ ಬಂದಿತು. 2009ರಲ್ಲಿ ಸೇತುವೆಯಾಚೆ ಒಂದು ದ್ವೀಪ ಸೇರಿತು. 2018ರಲ್ಲಿ ಇಡೀ ಆಟವನ್ನು ಹೊಸ ಯಂತ್ರಗಳಿಗೆ ತಕ್ಕಂತೆ ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಬಳಿಕ 2019ರ ಆಗಸ್ಟ್ ತಿಂಗಳಲ್ಲಿ 2008ರ ಮೂಲ ಆಟದ ಅಂತರ್ಜಾಲ ಸೇವೆಯನ್ನು ಸಂಸ್ಥೆಯು ನಿಲ್ಲಿಸಿತು. ದೂರದಲ್ಲಿದ್ದ ಕೆಲವು ಗಣಕಯಂತ್ರಗಳ ಸೇವೆ ಕೊನೆಗೊಂಡುದರಿಂದ ಹನ್ನೊಂದು ವರ್ಷಗಳ ಕೂಟವೊಂದು ಚದುರಿತು. ಪುಸ್ತಕವಾದರೆ ಅಚ್ಚುಕೂಟ ಮುಚ್ಚಿದ ಮೇಲೂ ಕಪಾಟಿನಲ್ಲಿ ಪೂರ್ಣವಾಗಿಯೇ ಉಳಿಯುತ್ತದೆ. ಇಂತಹ ಆಟವನ್ನು ಹಣ ಕೊಟ್ಟು ಕೊಂಡವನ ಕೈಯಲ್ಲಿ ಉಳಿಯುವುದು ಅದರ ಅರ್ಧ ಮಾತ್ರ. ಆ ಅರ್ಧವೇನೋ ಕೆಟ್ಟಿಲ್ಲ. ಹಳೆಯ ಯಂತ್ರವನ್ನು ಜೋಪಾನವಾಗಿಟ್ಟುಕೊಂಡವನು ಈಗಲೂ ಸಿಗ್ನಲ್ ದೀಪದ ಕೆಳಗೆ ನಿಂತು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸ್ಪರ್ಧೆ ಪ್ರಾರಂಭವಾಗುತ್ತದೆ. ಪಕ್ಕದಲ್ಲಿ ಓಡುವ ಕಾರುಗಳೆಲ್ಲವೂ ಯಂತ್ರವೇ ನಡೆಸುವವು.