ದವಡೆಯ ಗಡ್ಡೆ: ‘ಕ್ಯಾನ್ಸರ್ ಅಲ್ಲ’ ಅಂದಮೇಲೆ ಏನು?

“ನೋವಿಲ್ಲ, ಹಂಗಾರ ಏನೂ ಇಲ್ಲ ಬಿಡ್ರಿ.” ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಗಲ್ಲ ಊದಿಸಿಕೊಂಡವರು ಮೊದಲು ಹೇಳುವ ಮಾತು ಇದು. ಹೆಸರು ಬಿಡಿಸೂದು ಮುಗೀಲಿ, ಹತ್ತಿ ಮನೆಗೆ ಬರಲಿ, ಉಳ್ಳಾಗಡ್ಡಿ ಕಿತ್ತ ಮ್ಯಾಲೆ ನೋಡೂಣು ಎನ್ನುತ್ತಲೇ ವರ್ಷ ಉರುಳುತ್ತದೆ. ದವಡೆಯ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಕೀವಾದ ಹಲ್ಲು ರಾತ್ರಿಯೆಲ್ಲ ನಿದ್ದೆ ಕೆಡಿಸಿ ಮರುದಿನವೇ ದವಾಖಾನೆಗೆ ಓಡಿಸುತ್ತದೆ. ಎಲುಬಿನೊಳಗಿನ ಗಡ್ಡೆ ಹಾಗಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ನೋವಿಲ್ಲದ, ಗಟ್ಟಿಯಾದ, ಇಳಿಯದ ಬಾವಿದ್ದರೆ ಅದನ್ನೇ ಮೊದಲು ತೋರಿಸಬೇಕು.

ಇದರ ಬೆನ್ನಿಗೇ ಇನ್ನೊಂದು ನಂಬಿಕೆ: “ಹಲ್ಲು ಕೀಳಿಸಿದ್ದಕ್ಕ ಗಡ್ಡಿ ಬಂತು.” ಆಗುವುದು ಇದರ ತಿರುವುಮುರುವು. ಗಡ್ಡೆ ಒಳಗೊಳಗೆ ಎಲುಬನ್ನೂ ಹಲ್ಲಿನ ಬೇರನ್ನೂ ಕರಗಿಸುತ್ತದೆ, ಹುಳುಕಿಲ್ಲದ ಹಲ್ಲು ಅಲುಗಾಡುತ್ತದೆ, ಯಾರೋ ಅದನ್ನು ಕಿತ್ತುಹಾಕುತ್ತಾರೆ. ಗಾಯ ಮಾಯುವುದಿಲ್ಲ, ಬಾವು ಎದ್ದು ಕಾಣುತ್ತದೆ, ಅಪವಾದ ಕಿತ್ತವರ ಮೇಲೆ. ಗಟ್ಟಿಮುಟ್ಟಾದ ಹಲ್ಲು ಕಾರಣವಿಲ್ಲದೆ ಅಲುಗಾಡಿದರೆ ಇಕ್ಕಳ ಹಿಡಿಯುವ ಮುನ್ನ ಎಕ್ಸ್‌ರೇ ಆಗಬೇಕು. ಅದರಲ್ಲೂ ಓಪಿಜಿ. ಗದ್ದವನ್ನು ಒರಗಿಸಿ, ಕಡ್ಡಿಯೊಂದನ್ನು ಮುಂಬಲ್ಲಲ್ಲಿ ಕಚ್ಚಿ ನಿಂತರೆ ಯಂತ್ರ ತಲೆಯ ಸುತ್ತ ಒಂದು ಸಲ ತಿರುಗಿ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೆಗೆದುಕೊಡುತ್ತದೆ. ಅಷ್ಟಕ್ಕೆ ಅರ್ಧ ನಿಮಿಷವೂ ಬೇಡ.

ಜನ ಹೆಚ್ಚು ಹೆದರುವುದು ಸೂಜಿಗೆ. “ಚುಚ್ಚಿದ್ರ ಕ್ಯಾನ್ಸರ್ ಆಕ್ಕೈತಿ, ಕತ್ತರಿ ತಾಗಿದ್ರ ಹಬ್ಬತೈತಿ.” ಈ ಭಯಕ್ಕೆ ಮೂಲ ತಡವೇ. ಬಹಳ ದಿನ ಬಿಟ್ಟು ಬಂದ ನಿಜವಾದ ಕ್ಯಾನ್ಸರ್ ಬಯಾಪ್ಸಿಯ, ಅಂದರೆ ಚೂರು ತೆಗೆದು ಪರೀಕ್ಷಿಸಿದ, ನಂತರವೂ ಬೆಳೆಯುತ್ತದೆ, ನೋಡಿದವರು ದೋಷವನ್ನು ಸೂಜಿಗೆ ಕಟ್ಟುತ್ತಾರೆ. ದವಡೆಯ ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಗಡ್ಡೆಯನ್ನು ಚುಚ್ಚಿದ ಮಾತ್ರಕ್ಕೆ ಅದು ಕ್ಯಾನ್ಸರ್ ಆಗುವುದಿಲ್ಲ.

ಸೂಜಿ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವೈದ್ಯರು ಮೊದಲು ಕೆಳದವಡೆಯ ಹೊರಮಗ್ಗುಲನ್ನು ಬೆರಳಲ್ಲಿ ಒತ್ತುತ್ತಾರೆ. ಎಲುಬು ತೆಳುವಾಗಿದ್ದರೆ ಮೊಟ್ಟೆಯ ಚಿಪ್ಪು ಒತ್ತಿದಂತೆ ಚಟಚಟ ಎನ್ನುತ್ತದೆ. ಆಮೇಲೆ ಆ ಜಾಗ ಮರಗಟ್ಟಿಸಿ, ದಪ್ಪ ಸೂಜಿ ಹಾಕಿ ಸಿರಿಂಜ್ ಹಿಂದಕ್ಕೆ ಎಳೆಯುತ್ತಾರೆ. ತಿಳಿ ಹಳದಿ ನೀರು ಬಂದರೆ ಅದು ನೀರುಗಂಟು, ಅಂದರೆ ಸಿಸ್ಟ್ ಇರಬಹುದು; ಹುಟ್ಟದೆ ಒಳಗೇ ಉಳಿದ ಬುದ್ಧಿಹಲ್ಲಿನ ಸುತ್ತ ಇಂಥವು ಬೆಳೆಯುತ್ತವೆ. ಬೆಳ್ಳಗಿನ ಗಟ್ಟಿ ಪದಾರ್ಥ ಬಂದರೆ ಕೆರಟೋಸಿಸ್ಟ್ ಎಂಬ ಇನ್ನೊಂದು ಬಗೆಯ ಸಿಸ್ಟಿನ ಅನುಮಾನ. ಏನೂ ಬರದಿದ್ದರೆ ಒಳಗಿರುವುದು ಗಟ್ಟಿ ಗಡ್ಡೆ ಆಗಿರಬಹುದು. ರಕ್ತ ಚಿಮ್ಮಿ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಎಲುಬಿನೊಳಗಿನ ರಕ್ತನಾಳಗಳ ಗಂಟಾಗಿರಬಹುದು; ಅದನ್ನು ತಿಳಿಯದೆ ಆ ಗಂಟಿನ ಮೇಲಿರುವ ಹಲ್ಲು ಕಿತ್ತರೆ ರಕ್ತ ನಿಲ್ಲದೆ ಜೀವವೇ ಹೋಗಬಹುದು. ಜನ ಬೈಯುವ ಸೂಜಿಯೇ ಇಲ್ಲಿ ಜೀವ ಕಾಯುತ್ತದೆ.

ಗುಟ್ಕಾ, ಸುಣ್ಣ-ತಂಬಾಕು ತಿನ್ನುವವರಿಗಷ್ಟೇ ದವಡೆಯ ಗಡ್ಡೆ ಬರುತ್ತದೆ ಎಂಬುದೂ ತಪ್ಪು. ಅವು ಬಾಯಿಯ ಒಳಪದರಕ್ಕೆ ಕ್ಯಾನ್ಸರ್ ತರುತ್ತವೆ, ಅದರಲ್ಲಿ ಅನುಮಾನ ಬೇಡ. ದವಡೆಯ ಎಷ್ಟೋ ಗಡ್ಡೆಗಳು ಮಾತ್ರ ಹಲ್ಲು ಮೂಡಿಸುವ ಜೀವಕೋಶಗಳಲ್ಲೇ ಹುಟ್ಟುತ್ತವೆ. ಅಮೆಲೋಬ್ಲಾಸ್ಟೋಮಾ ಎಂಬ ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನ್‌ನ ಬದಲಾವಣೆ ಸಾಮಾನ್ಯವೆಂದು 2014ರಲ್ಲಿ ತಿಳಿದುಬಂತು. ಅಡಿಕೆಯ ಚೂರೂ ಬಾಯಿಗೆ ಹಾಕದ ಹರೆಯದವರಿಗೂ ಇದು ಬರುತ್ತದೆ.

ಇನ್ನು ದೊಡ್ಡ ತಪ್ಪು. ಬಯಾಪ್ಸಿ ವರದಿಯಲ್ಲಿ ‘ಬಿನೈನ್’ ಎಂದಿದೆ, ಅಂದರೆ ಕ್ಯಾನ್ಸರ್ ಅಲ್ಲ, ಅಂದರೆ ಮನೆಗೆ ಹೋಗಬಹುದು! ಮೊದಲೆರಡು ಸರಿ, ಮೂರನೆಯದು ಗಡ್ಡೆಯ ಜಾತಿಯ ಮೇಲಿದೆ. ಅಂಗುಳಿನ ನಡುವೆ ಕೆಲವರಿಗಿರುವ ಎಲುಬಿನ ಉಬ್ಬಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಒಳ್ಳೆಯ ಎಲುಬಿನ ಜಾಗದಲ್ಲಿ ನಾರಿನಂಥ ಎಲುಬು ಬೆಳೆಯುವ ಫೈಬ್ರಸ್ ಡಿಸ್‌ಪ್ಲೇಸಿಯಾ ಮೈಬೆಳವಣಿಗೆ ನಿಂತ ಮೇಲೆ ಬಹಳ ಸಲ ತಾನೂ ನಿಲ್ಲುತ್ತದೆ, ಮುಖದ ಅಂದಕ್ಕಾಗಿ ಕೆತ್ತಿದರೆ ಸಾಕಾಗುತ್ತದೆ. ಒಡೊಂಟೋಮಾದಲ್ಲಿ ಪುಟ್ಟ ಪುಟ್ಟ ಹಲ್ಲುಗಳೇ ತುಂಬಿರುತ್ತವೆ: ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 2014ರಲ್ಲಿ ಒಬ್ಬ ಹುಡುಗನ ದವಡೆಯಿಂದ 232, ಚೆನ್ನೈಯ ಸವೀತಾ ದಂತ ಕಾಲೇಜಿನಲ್ಲಿ 2019ರಲ್ಲಿ ಏಳು ವರ್ಷದ ಬಾಲಕನಿಂದ 526 ತೆಗೆದರು. ಬಿಡಿಸಿ ತೆಗೆದರೆ ಅದರ ಕಥೆ ಮುಗಿದಂತೆ.

ಅಮೆಲೋಬ್ಲಾಸ್ಟೋಮಾ ಹಾಗಲ್ಲ. ಶೇ. 80ರಷ್ಟು ಕೆಳದವಡೆಯಲ್ಲೇ, ಹೆಚ್ಚಾಗಿ ಹಿಂದಿನ ದವಡೆಹಲ್ಲಿನ ಕಡೆ ಬರುತ್ತದೆ. ಬೇರೆ ಅಂಗಕ್ಕೆ ಹಾರುವುದು ತೀರ ಅಪರೂಪ, ಆದರೆ ಎಲುಬಿನ ಸಂದುಗಳಿಗೆ ಕಣ್ಣಿಗೆ ಕಾಣದಂತೆ ನುಗ್ಗಿರುತ್ತದೆ. ಕೆರೆದು ತೆಗೆದಷ್ಟಕ್ಕೆ ಬಿಟ್ಟರೆ ಮತ್ತೆ ಬರುವ ಸಂಭವ ಬಹಳ. ಅದಕ್ಕೇ ದೊಡ್ಡ ಗಡ್ಡೆಯಾದರೆ ಸುತ್ತಲ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ಕತ್ತರಿಸುತ್ತಾರೆ. ‘ಕ್ಯಾನ್ಸರ್ ಅಲ್ಲ ಅಂತೀರಿ, ದವಡಿ ಯಾಕ ತಗೀತೀರಿ’ ಎಂದು ಮನೆಯವರು ಜಗಳ ತೆಗೆಯುವುದು ಇಲ್ಲಿಯೇ. ಸಿಟ್ಟು ಸಹಜ, ಆದರೆ ನನ್ನ ಮತ ವೈದ್ಯರ ಕಡೆಗೇ.

ಹೆಣ್ಣುಮಕ್ಕಳ ವಿಷಯದಲ್ಲಿ ‘ಮುಖ ಕೆಟ್ಟರೆ ಲಗ್ನ ಹೆಂಗ’ ಎಂಬ ಚಿಂತೆಯೂ ಸೇರಿಕೊಂಡು ಆಪರೇಷನ್ ಮುಂದೆ ಹೋಗುತ್ತದೆ. ಮುಂದೆ ಹೋದಷ್ಟೂ ತೆಗೆಯಬೇಕಾದ ಎಲುಬು ದೊಡ್ಡದಾಗುತ್ತದೆ. ಕಾಲಿನ ಮೀನಖಂಡದ ಮಗ್ಗುಲಿನ ತೆಳು ಎಲುಬನ್ನು ರಕ್ತನಾಳದ ಸಮೇತ ತಂದು ದವಡೆ ಕಟ್ಟುವ ವಿಧಾನ 1989ರಿಂದ ಇದೆ. ದೇಹದ ಭಾರವನ್ನು ಪಕ್ಕದ ದಪ್ಪ ಎಲುಬು ಹೊರುವುದರಿಂದ ಕಾಲು ಕುಂಟಾಗುತ್ತದೆಂದು ಹೆದರಬೇಕಿಲ್ಲ. ಆ ಎಲುಬಿನಲ್ಲೇ ಇಂಪ್ಲಾಂಟ್ ಕೂರಿಸಿ ಹಲ್ಲು ಕಟ್ಟಬಹುದು.

ಇದಕ್ಕೆಲ್ಲ ಬೆಂಗಳೂರೇ ಬೇಕೆಂದಿಲ್ಲ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು 1986ರಿಂದ ಇದೆ, ಹುಬ್ಬಳ್ಳಿ ವಿದ್ಯಾನಗರದಲ್ಲಿ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆ ಇದೆ. ಕುಂದಗೋಳ, ಕಲಘಟಗಿಯವರು ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ ರೆಫರಲ್ ಚೀಟಿ ಬರೆಸಿಕೊಳ್ಳುವುದು ಒಳ್ಳೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ತಮ್ಮ ಆಪರೇಷನ್ ಆ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಕೌಂಟರಿನಲ್ಲೇ ಕೇಳಬೇಕು.

ಹೊಲಿಗೆ ಬಿಚ್ಚಿದ ಮೇಲೆ ಬಹಳ ಜನ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಅಮೆಲೋಬ್ಲಾಸ್ಟೋಮಾ ಹತ್ತು ವರ್ಷ ಕಳೆದ ಮೇಲೂ ಮರಳಿದ ಉದಾಹರಣೆಗಳಿವೆ. ವೈದ್ಯರು ಹೇಳಿದ ದಿನಕ್ಕೆ ಹೋಗಿ ಹೊಸ ಓಪಿಜಿ ತೆಗೆಸಬೇಕು, ಹಳೆಯ ಫಿಲ್ಮನ್ನೂ ಬಯಾಪ್ಸಿ ವರದಿಯನ್ನೂ ಜೋಡಿಗೆ ಒಯ್ಯಬೇಕು. ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗಲೇ ಸಣ್ಣ ಕಪ್ಪು ಚುಕ್ಕೆ ಹೊಸದೋ ಹಳೆಯದೋ ಗೊತ್ತಾಗುವುದು.